ಅಭ್ರಕದ ಕಿಂಡಿ

ಜೀವಶಾಸ್ತ್ರವನ್ನು ನಾನು ಆರಿಸಿಕೊಳ್ಳಲಿಲ್ಲ, ಅದು ನನ್ನ ಕೊರಳಿಗೆ ಬಿತ್ತು. ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ನನ್ನ ಮುಖ್ಯ ವಿಷಯ ರಸಾಯನಶಾಸ್ತ್ರ. ಜೊತೆಗೊಂದು ಉಪವಿಷಯ ಓದಬೇಕಿತ್ತು. ಭೌತಶಾಸ್ತ್ರ ಸಿಗುತ್ತದೆ ಅಂದುಕೊಂಡು ಕಲ್ಯಾಣಿಯಲ್ಲಿ ಬಸ್ಸು ಹತ್ತಿದೆ, ಹುಮನಾಬಾದಿನಲ್ಲಿ ಇಳಿದು ಮುಂದಿನ ಬಸ್ಸಿಗಾಗಿ ಅರ್ಧ ದಿನ ಕಾಯ್ದೆ. ಹೈದರಾಬಾದು ಮುಟ್ಟುವಷ್ಟರಲ್ಲಿ ಜಾಗಗಳೆಲ್ಲ ತುಂಬಿ, ಬೇಡದವರಿಗೆಂದು ಜೀವಶಾಸ್ತ್ರ ಉಳಿದಿತ್ತು. ಬಸವಕಲ್ಯಾಣ ಅನ್ನುವ ಹೆಸರು ನಮ್ಮೂರಿಗೆ ಆಮೇಲೆ ಬಂದದ್ದು, ಆಗ ಅದು ಬರೀ ಕಲ್ಯಾಣಿ.

ಪಾಠವೆಲ್ಲ ಉರ್ದುವಿನಲ್ಲಿ. ಜೀವಶಾಸ್ತ್ರಕ್ಕೆ ಹಯಾತಿಯಾತ್, ಸೂಕ್ಷ್ಮದರ್ಶಕಕ್ಕೆ ಖುರ್ದಬೀನ್. ನಮ್ಮ ಓಣಿಯಲ್ಲಿ ಗೋಲಿ ಆಡಿ ಬೆಳೆದವನಿಗೆ ಉರ್ದು ಹೊಸದಲ್ಲ, ಆದರೆ ಗೋಲಿಯಾಟದ ಉರ್ದುವಿಗೂ ಪುಸ್ತಕದ ಉರ್ದುವಿಗೂ ಅಜಗಜಾಂತರ. ರಸಾಯನದ ಹುಡುಗರು ನಾವು ಈ ವಿಷಯವನ್ನು ‘ಕಪ್ಪೆ ಕೊಯ್ಯುವ ವಿದ್ಯೆ’ ಅಂತ ಆಡಿಕೊಳ್ಳುತ್ತಿದ್ದೆವು. ತರಗತಿಯಲ್ಲಿ ನಾನು ಹಿಂದಿನ ಬೆಂಚು ಬಿಟ್ಟು ಮುಂದೆ ಬರಲಿಲ್ಲ.

ಆಮೇಲೆ ಗದ್ದಲದ ಕಾಲ ಬಂತು. ಆ ದಿನಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿದರೆ ಮುಗಿಯುವುದಿಲ್ಲ. ನಮ್ಮ ಓಣಿಯ ಮಟ್ಟಿಗೆ ಇಷ್ಟು ಹೇಳಬಹುದು: ಮೊದಲು ನಾವು ಹೆದರಿ ಬಾಗಿಲು ಹಾಕಿಕೊಂಡೆವು, ನಿಜಾಮನ ಆಳ್ವಿಕೆ ಮುಗಿದ ಮೇಲೆ ಅವರು ಹೆದರಿ ಹಾಕಿಕೊಂಡರು. ಅವರು ಅಂದರೆ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಖಾಲಾ, ಚಿಕ್ಕಮ್ಮ ಅನ್ನುವಂತೆ ನಾನು ಹಾಗೆ ಕರೆಯುತ್ತಿದ್ದೆ. ಗಂಡ ತೀರಿದ ಮೇಲೆ ಹೊಲಿಗೆ ಹಾಕಿ, ನಾಲ್ಕು ಕೋಳಿ ಸಾಕಿ ಬದುಕುತ್ತಿದ್ದಾಕೆ. ಮೊದಲೆಲ್ಲ ರಂಜಾನಿಗೆ ಆಕೆಯ ಮನೆಯಿಂದ ಒಣ ಶಾವಿಗೆ, ಖರ್ಜೂರ ಬರುತ್ತಿತ್ತು, ಸಂಕ್ರಾಂತಿಗೆ ನಮ್ಮ ಮನೆಯಿಂದ ಎಳ್ಳುಬೆಲ್ಲ ಹೋಗುತ್ತಿತ್ತು. ಈಗ ಎರಡು ವರ್ಷದಿಂದ ಆಕೆಯ ಬೀದಿಬಾಗಿಲಿಗೆ ಒಳಗಿನಿಂದ ಚಿಲಕ. ನಮ್ಮ ಆಯಿ ಆ ಬಾಗಿಲ ಮುಂದೆ ಹಾದುಹೋಗುವಾಗ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಿದ್ದಳು.

ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ತಂದೆ ತಾಯಿ ಇಬ್ಬರೂ ನಾನು ಸಣ್ಣವನಿದ್ದಾಗಲೇ ಹೋಗಿದ್ದರು. ಬೇಳೆ ಬೆಲ್ಲದ ಅಂಗಡಿಯನ್ನು ತಂದೆಯ ತಮ್ಮ ಕಾಕಾ ನೋಡುತ್ತಿದ್ದರು, ಮನೆಯನ್ನೂ ಕಾಕಾನನ್ನೂ ಆಯಿ ನೋಡುತ್ತಿದ್ದಳು. ಲಿಂಗ ಕಟ್ಟಿದ ಮನೆತನ ನಮ್ಮದು, ತತ್ತಿ ಅನ್ನುವ ಶಬ್ದವನ್ನು ಕೂಡ ಅಡುಗೆಮನೆಯ ಹೊಸ್ತಿಲೊಳಗೆ ಆಡುವಂತಿರಲಿಲ್ಲ. ಆಯಿ ದಿನಾ ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ಕೂಡುತ್ತಿದ್ದಳು. ಆ ಅಂಗೈಯ ಮೇಲೆ ಬೇರೆ ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಎಲ್ಲರೂ ಹಾಗೆ ಮಾಡುತ್ತಾರೆ ಅಂತಲ್ಲ, ಅದು ಆಕೆಯೇ ಹಾಕಿಕೊಂಡ ಕಟ್ಟು. ಪ್ರಸಾದ ಕೊಟ್ಟರೂ ಬಲಗೈಯಲ್ಲೇ ಹಿಡಿಯುವಳು.

ನನಗೂ ಎಂಟು ವರ್ಷದವನಿದ್ದಾಗಲೇ ಹಾಗೆ ಕೂಡುವುದನ್ನು ಕಲಿಸಿದ್ದಳು. ಹೈದರಾಬಾದಿಗೆ ಹೋದ ಮೇಲೆ ನಾನು ಪೂಜೆ ಬಿಟ್ಟೆ. ನಾಲ್ಕು ಅಕ್ಷರ ತಲೆಗೆ ಹತ್ತಿದ ಹುಡುಗನ ಸೊಕ್ಕು, ಮತ್ತೇನೂ ಅಲ್ಲ. ಆಯಿ ಒಂದು ಮಾತೂ ಆಡಲಿಲ್ಲ, ಅದೇ ಕಷ್ಟವಾಗಿತ್ತು.

ಆ ವರ್ಷ ಕಾಲೇಜು ತೆರೆಯುವುದು, ಮುಚ್ಚುವುದು ನಡೆದೇ ಇತ್ತು. ಇನ್ನೇನು ಮತ್ತೆ ಮುಚ್ಚುತ್ತದೆ ಅನ್ನುವಾಗ ನಮ್ಮ ಪ್ರೊಫೆಸರ್ ಸಾಹೇಬರು ಉಪವಿಷಯದವರನ್ನು ಕರೆದು ಒಂದು ಕೆಲಸ ಒಪ್ಪಿಸಿದರು. ಊರಿಗೆ ಹೋಗಿ, ಕಾವಿಗೆ ಕೂತ ಕೋಳಿ ಹುಡುಕಿ, ಎರಡು ಮೂರು ದಿನಕ್ಕೊಂದು ತತ್ತಿ ಒಡೆಯಬೇಕು. ಒಳಗಿನ ಪಿಂಡವನ್ನು ಔಷಧ ತುಂಬಿದ ಬಾಟಲಿಯಲ್ಲಿಟ್ಟು, ಚಿತ್ರ ಬರೆದು, ಪರೀಕ್ಷೆಗೆ ಬರುವಾಗ ತರಬೇಕು. ಇದು ಮಾಡದೆ ಪಾಸಿಲ್ಲ, ಉಪವಿಷಯ ಪಾಸಾಗದೆ ಪದವಿಯಿಲ್ಲ ಅಂತ ನಗುತ್ತಲೇ ಹೇಳಿದರು. ಲಿಂಗವಂತರ ಮನೆಗೆ ತತ್ತಿಯ ಕೆಲಸ ಹೊತ್ತುಕೊಂಡು ನಾನು ಬಸ್ಸು ಹತ್ತಿದೆ. ಅತ್ತ ದರಿ, ಇತ್ತ ಪುಲಿ.

ಹೋಳಿ ಮುಗಿದು ಬಿಸಿಲು ಚುರುಗುಟ್ಟತೊಡಗಿತ್ತು. ನಮ್ಮ ಹಿತ್ತಲಿಗೂ ಖಾಲಾನ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಬೀದಿಯ ಬಾಗಿಲು ಮುಚ್ಚಿದ್ದರೂ ಹಿತ್ತಲಿಗೆ ಯಾರು ಚಿಲಕ ಹಾಕುತ್ತಾರೆ? ಆ ಕಡೆ ಬುಟ್ಟಿಯಲ್ಲಿ ಕೆಂಪು ಕೋಳಿಯೊಂದು ಕಾವಿಗೆ ಕೂತದ್ದು ಕಂಡಿತು. ಖಾಲಾ ಹೊರಗೆ ಬಂದಾಗ ಗೋಡೆಯ ಮೇಲಿಂದ ಕೇಳಿಯೇಬಿಟ್ಟೆ.

“ಒಡಿಲಾಕ ಒಂದೂ ಕೊಡಂಗಿಲ್ಲ ಬೇಟಾ,” ಅಂದಳು. “ಕೋಳಿ ನಂದಲ್ಲ. ಹುಮನಾಬಾದದಾಗ ನನ್ನ ತಂಗಿ ಪಾಲಿಗೆ ಕೊಟ್ಟಾಳ. ಮರಿ ಆದ್ವಂದ್ರ ಅರ್ಧ ಆಕಿವು, ಅರ್ಧ ನನ್ನವು. ಆಕಿಗಿ ಏನಂತ ಜವಾಬು ಹೇಳಲಿ?”

“ಬರೇ ನೋಡಾಕ, ಖಾಲಾ?”

“ನೋಡಾಕ ಬೇಕಾದ್ರ ನೋಡು. ಜಾನ್ ತೆಗೀಬ್ಯಾಡ.”

ಒಡೆಯದೆ ಒಳಗೆ ನೋಡುವುದು ಹೇಗೆ? ಪುಸ್ತಕ ತಿರುವಿದೆ. ತತ್ತಿಯ ದಪ್ಪನೆಯ ತುದಿಯಲ್ಲಿ ಗಾಳಿ ತುಂಬಿದ ಸಣ್ಣ ಕೋಣೆ ಇರುತ್ತದೆ, ಅದರ ಕೆಳಗೆ ತೆಳುವಾದ ಪೊರೆ, ಪೊರೆಯ ಕೆಳಗೆ ಜೀವ. ಗಾಳಿಕೋಣೆಯ ಮೇಲಿನ ಚಿಪ್ಪನ್ನಷ್ಟೇ ಎಬ್ಬಿಸಿ, ಪೊರೆಯನ್ನು ಹರಿಯದೆ ಉಳಿಸಿದರೆ ಜೀವಕ್ಕೆ ಅಪಾಯವಿಲ್ಲ ಅಂತ ನನ್ನ ಲೆಕ್ಕ. ಆದರೆ ತೆರೆದ ಜಾಗಕ್ಕೆ ಏನು ಮುಚ್ಚುವುದು? ಗಾಜು ಅಷ್ಟು ತೆಳ್ಳಗೆ ಎಲ್ಲಿ ಸಿಗಬೇಕು?

ಉಪಾಯ ಖಾಲಾನೇ ಕೊಟ್ಟಳು. ಮೊಹರಮ್ಮಿನ ತಾಜಿಯಾಕ್ಕೆ ಹಚ್ಚಿ ಉಳಿದ ಅಭ್ರಕದ, ಅಂದರೆ ಕಾಗೆಬಂಗಾರದ ಹಾಳೆ ಆಕೆಯ ಪೆಟ್ಟಿಗೆಯಲ್ಲಿತ್ತು. ಉಗುರಿನಿಂದ ಪದರ ಬಿಡಿಸಿದರೆ ಈರುಳ್ಳಿ ಪೊರೆಗಿಂತ ತೆಳ್ಳಗೆ, ಆಚೆಗಿನದೆಲ್ಲ ಕಾಣುವಷ್ಟು ತಿಳಿ. ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ಒರೆಸಿ, ಗೋಡೆಯ ಮೇಲಿಂದ ನನ್ನ ಕೈಗೆ ಕೊಟ್ಟಳು.

ಭೂತಗನ್ನಡಿಗಾಗಿ ಹುಮನಾಬಾದಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಗಡಿಯಾರ ರಿಪೇರಿಯವರಿದ್ದರು, ಬಸ್ಸಿಗೆ ಕಾಯುವಾಗಲೆಲ್ಲ ನಾನು ಅವರ ಅಂಗಡಿಯ ನೆರಳಿನಲ್ಲಿ ನಿಲ್ಲುತ್ತಿದ್ದೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅವರ ಹಳೆಯ ಕನ್ನಡಿಯೊಂದನ್ನು ಕೇಳಿದೆ. ಯಾಕೆ ಅಂದರು. ತತ್ತಿಯೊಳಗೆ ಎದೆ ಬಡಿಯುವುದನ್ನು ನೋಡಬೇಕು ಅಂದೆ. ಅವರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು.

“ಚಾವಿ ಕೊಡಲಾರದ ನಡಿಯೋ ಗಡಿಯಾರ ನಾ ಇನ್ನಾ ನೋಡಿಲ್ರಿ,” ಅಂದರು. “ನೀವು ನೋಡಿದ್ರ ಬಂದು ಹೇಳ್ರಿ.” ಕನ್ನಡಿಯನ್ನು ಅರಿವೆಯಲ್ಲಿ ಸುತ್ತಿ ಕೊಟ್ಟರು.

ಕೋಳಿ ಕೂತು ಮೂರು ದಿನವಾಗಿತ್ತು. ನಸುಕಿನಲ್ಲಿ ಖಾಲಾ ಬೆಚ್ಚನೆಯ ಅರಿವೆಯಲ್ಲಿ ಸುತ್ತಿದ ತತ್ತಿ ದಾಟಿಸಿದಳು. ಹಿತ್ತಲ ಕೋಣೆಯಲ್ಲಿ ಕೂತು, ಸೂಜಿಯಿಂದ ಗೆರೆ ಎಳೆದೆಳೆದು ಚಿಪ್ಪಿನ ಒಂದು ಬಿಲ್ಲೆ ಎಬ್ಬಿಸಿದೆ. ಪೊರೆ ಬೆಳ್ಳಗೆ ಮಬ್ಬಾಗಿತ್ತು, ಏನೂ ಕಾಣಲಿಲ್ಲ. ಉಗುರುಬೆಚ್ಚಗಿನ ನೀರನ್ನು ಒಂದು ಹನಿ ಬಿಟ್ಟೆ. ಹನಿ ಹರಡಿದಂತೆ ಪೊರೆ ತಿಳಿಯಾಯಿತು. ಅಭ್ರಕವಿಟ್ಟು ಸುತ್ತ ಜೇನುಮೇಣ ಒತ್ತಿ, ತತ್ತಿಯನ್ನು ಬೆಳಕಿಂಡಿಯ ಕೆಳಗೆ ನೆಟ್ಟಗೆ ಹಿಡಿದು, ಕನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿದೆ.

ಹಳದಿಯ ಮೇಲೆ ಕೆಂಪು ದಾರಗಳು ಬಲೆಯಂತೆ ಹರಡಿದ್ದವು. ಎಲ್ಲ ದಾರಗಳೂ ಒಂದು ಕಡೆಗೆ ಬಂದು ಸೇರುತ್ತಿದ್ದವು. ಸೇರಿದಲ್ಲಿ ಒಂದು ಕೆಂಪು ಚುಕ್ಕೆ, ಸಾಸಿವೆಕಾಳಿಗಿಂತ ಸಣ್ಣದು. ಅದು ಮಿಡಿಯುತ್ತಿತ್ತು. ಒಮ್ಮೆ ಮಿಡಿದರೆ ದಾರಗಳೆಲ್ಲ ತುಂಬುತ್ತಿದ್ದವು, ಮತ್ತೆ ಮಸುಕಾಗುತ್ತಿದ್ದವು. ಪುಸ್ತಕದಲ್ಲಿ ಇದಕ್ಕೊಂದು ಹೆಸರಿತ್ತು, ಅದನ್ನು ಬಾಯಿಪಾಠ ಮಾಡಿದ್ದೆ. ಆ ಹೊತ್ತಿಗೆ ಒಂದು ಅಕ್ಷರವೂ ನೆನಪಾಗಲಿಲ್ಲ. ಯಾರೂ ಮುಟ್ಟದೆ, ಯಾರೂ ಹೇಳದೆ, ಕತ್ತಲೆಯಲ್ಲಿ ಅದು ತನ್ನಷ್ಟಕ್ಕೆ ಕೆಲಸ ಸುರು ಮಾಡಿಬಿಟ್ಟಿತ್ತು. ಇಷ್ಟು ದಿನ ಈ ವಿದ್ಯೆಯನ್ನು ಆಡಿಕೊಂಡ ನನ್ನ ಬಾಯಿಗೆ ಮಣ್ಣು ಬೀಳಲಿ ಅನ್ನಿಸಿತು.

ಅಂದಿನಿಂದ ಅದೇ ರೂಢಿಯಾಯಿತು. ನಸುಕಿನಲ್ಲಿ ಖಾಲಾ ತತ್ತಿ ದಾಟಿಸುವಳು, ನಾನು ಸ್ವಲ್ಪ ಹೊತ್ತು ನೋಡಿ, ಚಿತ್ರ ಬರೆದು, ಬೆಚ್ಚಗಿರುವಾಗಲೇ ತಿರುಗಿ ಕೊಡುವೆ. ಹಿಡಿಯುವ ರೀತಿ ಯಾರೂ ಕಲಿಸಬೇಕಾಗಿರಲಿಲ್ಲ. ಬಲಗೈಗೆ ಪೆನ್ಸಿಲು ಬೇಕು, ಹಾಗಾಗಿ ತತ್ತಿ ಎಡ ಅಂಗೈಯಲ್ಲಿ. ಬೆನ್ನು ನೆಟ್ಟಗೆ, ಮೊಳಕೈ ಮಂಡಿಗೆ ಊರಿ, ಕೈ ಕಣ್ಣಿನ ಮಟ್ಟಕ್ಕೆ. ಎಂಟನೆಯ ವರ್ಷದಲ್ಲಿ ಮೈ ಕಲಿತದ್ದನ್ನು ಮೈ ಮರೆತಿರಲಿಲ್ಲ.

ಎರಡನೆಯ ದಿನವೋ ಮೂರನೆಯ ದಿನವೋ ಕೋಣೆಯಿಂದ ಹೊರಬಂದರೆ ಹೊಸ್ತಿಲ ಮೇಲೆ ವಿಭೂತಿಯ ಗಟ್ಟಿ, ಬಟ್ಟಲಲ್ಲಿ ನಾಲ್ಕು ಬಿಲ್ವಪತ್ರೆ. ಮರುದಿನ ಮಲ್ಲಿಗೆ. ಊಟಕ್ಕೆ ಕೂತರೆ ನನ್ನ ತಾಟಿಗೆ ತುಪ್ಪ ಜಾಸ್ತಿ ಬೀಳತೊಡಗಿತು. ಅಂಗಡಿಗೆ ಹೋದರೆ ಗಿರಾಕಿಯೊಬ್ಬರು, “ಛಲೋ ಆತ್ರಿ, ಮತ್ತ ಪೂಜಿಗೆ ಕೂಡಾಕತ್ತೀರಂತ,” ಅಂದರು. ಆಗ ತಿಳಿಯಿತು. ಆಯಿ ಬಾಗಿಲ ಸಂದಿನಿಂದ ನನ್ನ ಬೆನ್ನು ನೋಡಿದ್ದಾಳೆ, ಎತ್ತಿದ ಎಡಗೈ ನೋಡಿದ್ದಾಳೆ, ಪೂಜೆಗೆ ಕೂತವರನ್ನು ಕರೆಯಬಾರದೆಂದು ಸದ್ದಿಲ್ಲದೆ ತಿರುಗಿ ಹೋಗಿದ್ದಾಳೆ. ಮೊಮ್ಮಗನಿಗೆ ಬುದ್ಧಿ ಬಂತು ಅಂತ ಓಣಿ ತುಂಬ ಹೇಳಿಕೊಂಡಿದ್ದಾಳೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೇಳಬೇಕು ಅಂದುಕೊಳ್ಳುತ್ತಿದ್ದಂತೆ ಮರುದಿನ ನಸುಕಿನಲ್ಲಿ ಆಯಿಯೇ ಬಂದಳು. ಮೊಮ್ಮಗನ ಜೊತೆಗೆ ಕೂತು ಪೂಜೆ ಮಾಡುವ ಆಸೆಯಿಂದ, ಮಡಿಯುಟ್ಟು, ತನ್ನ ಲಿಂಗದ ಕರಡಿಗೆ ಹಿಡಿದು. ನನ್ನ ಪಕ್ಕದಲ್ಲಿ ಕೂತು, ಪ್ರೀತಿಯಿಂದ ನನ್ನ ಅಂಗೈ ಕಡೆ ತಿರುಗಿದಳು.

“ಶಿವ ಶಿವಾ! ಏನದು ಕೈಯಾಗ?”

“ಆಯಿ, ಸಿಟ್ಟಾಗಬ್ಯಾಡ. ತತ್ತಿ ಅದ.”

“ಲಿಂಗ ಹಿಡಿಯೋ ಕೈಯಾಗ ತತ್ತಿ? ನಾ ಊರೆಲ್ಲಾ ಹೇಳ್ಕೊಂಡು ಬಂದೀನಲ್ಲೋ ಭಾಡ್ಯಾ!” ಆಕೆಯ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು.

“ಒಂದ್ಸಲ ನೋಡು. ಆಮ್ಯಾಲ ಎಷ್ಟ್ ಬೈತಿ ಬೈಯಿ.”

ಯಾಕೆ ನೋಡಿದಳೋ ಗೊತ್ತಿಲ್ಲ. ನನ್ನ ಮುಖದಲ್ಲಿ ಏನೋ ಕಂಡಿರಬೇಕು. ಕನ್ನಡಿ ಕೊಟ್ಟೆ, ತತ್ತಿಯನ್ನು ನಾನೇ ಹಿಡಿದೆ. ರೆಪ್ಪೆ ಬಡಿಯದೆ ನೋಡುವುದು ಆಕೆಗೆ ಹುಟ್ಟಾ ರೂಢಿ. ಆ ಹೊತ್ತಿಗೆ ಚುಕ್ಕೆಯ ಪಕ್ಕದಲ್ಲಿ ಬಾಗಿದ ಬೆನ್ನೊಂದರ ನೆರಳು, ಕಣ್ಣಾಗಲಿರುವ ಒಂದು ಕರಿ ಬೊಟ್ಟು ಮೂಡಿತ್ತು ಅಷ್ಟೆ. ಎದೆ ಮಾತ್ರ ಬಡಿದೇ ಬಡಿಯುತ್ತಿತ್ತು. ಆಯಿಯ ತುಟಿ ತೆರೆದು ಹಾಗೇ ನಿಂತಿತು. ಹೊರಗೆ ಕಾಕಾ ನೀರು ಸೇದುವ ಸಪ್ಪಳ ಸುರುವಾಗಿ ಮುಗಿಯಿತು, ಆಕೆ ಕಣ್ಣು ತೆಗೆಯಲಿಲ್ಲ.

“ಮರೀನೇ ಇಲ್ಲಲ್ಲೋ ಇನ್ನಾ,” ಅಂದಳು ಕಡೆಗೆ, ಮೆಲ್ಲಗೆ. “ಮತ್ತ ಈ ಎದಿ ಯಾರ ಸಲುವಾಗಿ ಬಡಿಯಾಕತ್ತದ?”

ಹೃದಯ ಯಾವಾಗ ಬಡಿಯತೊಡಗುತ್ತದೆ ಅಂತ ನನ್ನ ಪುಸ್ತಕದಲ್ಲಿ ಇತ್ತು. ಯಾರ ಸಲುವಾಗಿ ಅಂತ ಇರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅಂತ ನಾವು ನಗುತ್ತೇವೆ. ಇಲ್ಲಿ ಕೂಸಿಗಿಂತ ಮೊದಲು ಅದರ ಎದೆಯೇ ಬಂದು ಕೂತು ದಾರಿ ಕಾಯುತ್ತಿತ್ತು.

ಆಯಿ ಕನ್ನಡಿ ಕೆಳಗಿಟ್ಟಳು. ಬಾಟಲಿಯ ವಿಷಯ, ಪರೀಕ್ಷೆಯ ವಿಷಯ ಎಲ್ಲ ಹೇಳಿದೆ. ಕೇಳಿ, ತೀರ್ಪು ಕೊಟ್ಟಳು.

“ಬಾಟ್ಲಿ ಗೀಟ್ಲಿ ನಡಿಯಂಗಿಲ್ಲ. ಕಿಂಡಿ ಕೊರದೀಯಲ್ಲ, ಇದರ ಜೀವಕ್ಕ ಇನ್ನ ನೀನೇ ಜವಾಬು. ಇದು ಮರಿಯಾಗಿ ಹೊರಗ ಬಂತಂದ್ರ ಹೈದರಾಬಾದಿಗೆ ಹೋಗು, ಓದು. ಸತ್ತಿತಂದ್ರ ಪುಸ್ತಕ ಕಟ್ಟಿ ಅಟ್ಟಕ್ಕ ಒಗಿ, ಕಾಕಾನ ಜೋಡಿ ಅಂಗಡ್ಯಾಗ ಕೂಡು. ಜೀವ ತೆಗೆಯೋ ಓದು ನಮ್ಮನಿಗಿ ಬ್ಯಾಡ.”

ಆಯಿ ಒಮ್ಮೆ ಅಂದರೆ ಮುಗಿಯಿತು, ಕಾಕಾನ ಹತ್ತಿರ ದೂರು ಒಯ್ಯುವುದು ಕಲ್ಲಿಗೆ ಹಣೆ ಚಚ್ಚಿಕೊಂಡಂತೆ. ಹೀಗೆ ನನ್ನ ಪದವಿ, ನನ್ನ ಮುಂದಿನ ಬದುಕು ಎಲ್ಲ ಒಂದು ಕೆಂಪು ಕೋಳಿಯ ಹೊಟ್ಟೆಯ ಕೆಳಗೆ ಹೋಗಿ ಕೂತವು.

ಮುಂದಿನ ದಿನಗಳಲ್ಲಿ ಕಂಡದ್ದನ್ನು ಹೇಳಲು ಇವತ್ತಿಗೂ ನನಗೆ ಮಾತು ಸಾಲದು. ಕಣ್ಣು ದೊಡ್ಡದಾಯಿತು. ಮೊಗ್ಗಿನಂಥ ಎರಡು ಗುಬುಟು ಎದ್ದು ರೆಕ್ಕೆಯಾಗತೊಡಗಿದವು. ಒಂದು ದಿನ ಅದು ತನ್ನಷ್ಟಕ್ಕೆ ತೂಗಿತು, ತೊಟ್ಟಿಲಲ್ಲಿ ಮಗ್ಗುಲಾದ ಹಾಗೆ. ಎಂದೂ ಕೋಣೆಗೆ ಬಾರದ ಆಯಿ ಈಗ ನನಗಿಂತ ಮೊದಲು ಬಂದು ಕೂಡುತ್ತಿದ್ದಳು. ಮೊದಲು ತನ್ನ ಪೂಜೆ, ಆಮೇಲೆ ಕನ್ನಡಿ. ತತ್ತಿಯನ್ನು ಮಾತ್ರ ಮುಟ್ಟಲಿಲ್ಲ, ಹಿಡಿಯುವುದು ನನ್ನ ಕೆಲಸ. ಆಮೇಲೆ ರಕ್ತನಾಳಗಳ ಪರದೆಯೊಂದು ಕಿಂಡಿಯ ಕೆಳಗೆ ಬೆಳೆದು ಎಲ್ಲವನ್ನೂ ಮುಚ್ಚಿಬಿಟ್ಟಿತು. ಕಪ್ಪು, ಕಪ್ಪಿನೊಳಗೆ ಏನೋ ಮಿಸುಕುವುದು, ಇಷ್ಟೇ. ಬದುಕಿದೆಯೋ ಇಲ್ಲವೋ ಅನ್ನುವುದನ್ನು ಆ ಮಿಸುಕಾಟದಲ್ಲಿ ಹುಡುಕುತ್ತ ನಾನು ಅನ್ನ ನೀರು ಬಿಟ್ಟವನಂತಾದೆ. ಕಡೆಕಡೆಗೆ ಕೋಳಿಯನ್ನು ಎಬ್ಬಿಸಬೇಡ ಅಂತ ಖಾಲಾ ತತ್ತಿ ದಾಟಿಸುವುದನ್ನೇ ನಿಲ್ಲಿಸಿದಳು.

ಮೂರು ವಾರ ತುಂಬಿದ ದಿನ ಗೋಡೆಯಾಚೆ ಚಿಂವ್ ಚಿಂವ್ ಎದ್ದಿತು. ಓಡಿಹೋದೆ. ಮರಿಗಳು ಹೊರಬಂದಿದ್ದವು. ಕೋಳಿ ಅವನ್ನು ಕರೆದುಕೊಂಡು ಅಂಗಳಕ್ಕೆ ಇಳಿದಿತ್ತು. ಬುಟ್ಟಿಯಲ್ಲಿ ಉಳಿದದ್ದು ಒಂದೇ ತತ್ತಿ, ನನ್ನದು.

“ತಾಯಿ ಬಿಟ್ಟು ಹೋದಳು ಬೇಟಾ,” ಅಂದಳು ಖಾಲಾ. ಆಕೆಯ ಕಣ್ಣು ಒದ್ದೆಯಾಗಿತ್ತು. “ಒಳಗ ಇನ್ನಾ ಬಡಿಯಾಕತ್ತದ. ತಣ್ಣಗ ಆಗಾಕತ್ತದ, ಲಗೂ ತಗೊಂಡು ಹೋಗು.”

ಕಿವಿಗೆ ಹಿಡಿದೆ. ಟಿಕ್, ಟಿಕ್. ಕಿಂಡಿಯಲ್ಲಿ ನೋಡಿದೆ. ಪೊರೆ ಹರಿದು ಕೊಕ್ಕು ಗಾಳಿಕೋಣೆಗೆ ಬಂದಿತ್ತು, ಕೊಕ್ಕಿನ ತುದಿ ಅಭ್ರಕವನ್ನು ಕುಟ್ಟುತ್ತಿತ್ತು. ಆಗ ನನಗೆ ಹೊಳೆಯಿತು. ಚಿಪ್ಪಾದರೆ ಕುಟ್ಟಿದರೆ ಬಿರಿಯುತ್ತದೆ. ಅಭ್ರಕ ಬಿರಿಯುವುದಿಲ್ಲ, ಬಾಗುತ್ತದೆ. ಎಲ್ಲ ಮರಿಗಳಿಗೂ ಬಾಗಿಲಾಗುವ ಜಾಗದಲ್ಲಿ ನಾನು ಇದಕ್ಕೆ ಗೋಡೆ ಕಟ್ಟಿಟ್ಟಿದ್ದೆ.

ಮನೆಯೊಳಗೆ ಓಡಿದೆ. ಎಲ್ಲಿ ಬೆಚ್ಚಗಿದೆ ಅಂತ ಯೋಚಿಸಲೂ ಇಲ್ಲ, ಕಾಲು ನೇರ ಅಡುಗೆಮನೆಗೆ ನಡೆದವು. ಆಯಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ತತ್ತಿ ಹಿಡಿದು ಹೊಸ್ತಿಲೊಳಗೆ ಬಂದದ್ದು ಆಕೆಯೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ಆ ಮಾತು ನಮಗೆ ಹೊಳೆದದ್ದು ಮರುದಿನ.

“ಮೇಣ ತಗಿ!” ಅಂದಳು.

ತೆಗೆಯಲು ಹೋದೆ. ಬೆರಳು ಕುಣಿಯುತ್ತಿದ್ದವು. ಸೂಜಿ ಒಳಗೆ ಜಾರಿದರೆ ನೇರ ಅದರ ಕಣ್ಣಿಗೆ. ಟಿಕ್ ಅನ್ನುವುದು ನಿಧಾನವಾಗುತ್ತ ಬಂತು. ನಿಂತಿತು. ಮತ್ತೊಮ್ಮೆ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನಿಸಿತು.

ಆಯಿ ಕೈಯ ಹಿಟ್ಟು ಒರೆಸಿಕೊಂಡಳು. ತತ್ತಿಯನ್ನು ನನ್ನಿಂದ ಕಸಿದು, ಬಲಗೈಯ ಉಗುರಿನಿಂದ ಮೇಣ ಕೆರೆಯಬೇಕಾದ್ದರಿಂದ, ಎಡ ಅಂಗೈಯಲ್ಲಿಟ್ಟುಕೊಂಡಳು. ಒಲೆಯ ಬೆಳಕಿಗೆ ಎತ್ತಿ ಹಿಡಿದಳು. ರೆಪ್ಪೆ ಬಡಿಯಲಿಲ್ಲ. ಮೇಣ ಸುತ್ತಲೂ ಬಿಟ್ಟುಬಂತು, ಅಭ್ರಕ ಅಲುಗಾಡಿ ಕೆಳಗೆ ಬಿತ್ತು. ಒಂದು ಕೊಕ್ಕು ಹೊರಗೆ ಬಂದು, ಬಾಯಿ ತೆರೆದು, ಗಾಳಿ ಕುಡಿಯಿತು.

ಅವಸರ ಮಾಡಲಿಲ್ಲ ಆಯಿ. ರೊಟ್ಟಿ ಹೆಂಚಿನ ಮೇಲೆ ಕರಕಾಯಿತು, ಕಾಕಾ ಹಸಿದು ಬಂದು, ಬಾಗಿಲಲ್ಲಿ ನಿಂತು ನೋಡಿ, ಅಲ್ಲೇ ಕೂತರು. ಮಧ್ಯಾಹ್ನದ ಹೊತ್ತಿಗೆ ಚಿಪ್ಪು ತಾನೇ ಎರಡು ಹೋಳಾಯಿತು. ತೊಯ್ದ ಅರಿವೆಯ ಚೂರಿನಂಥದ್ದೊಂದು ಆಯಿಯ ಅಂಗೈಯಲ್ಲಿ ಬಿದ್ದುಕೊಂಡು ಉಸಿರಾಡತೊಡಗಿತು. ಒಣಗುತ್ತ ಒಣಗುತ್ತ ಅದಕ್ಕೆ ಹಳದಿ ಬಣ್ಣ ಬಂತು. ನಾನು ಅಷ್ಟು ದಿನ ನೋಡಿದ ಆ ಚುಕ್ಕೆ ಈಗ ಆ ಪುಕ್ಕದ ಕೆಳಗೆ ಎಲ್ಲೋ ಬಡಿಯುತ್ತಿತ್ತು. ಯಾರ ಸಲುವಾಗಿ ಅನ್ನುವುದು ಈಗ ಕಣ್ಣೆದುರಿಗಿತ್ತು.

ಬೇಸಿಗೆಯಲ್ಲಿ ಪರೀಕ್ಷೆಗೆ ಹೋದೆ. ಪ್ರೊಫೆಸರ್ ಸಾಹೇಬರು ಬಾಟಲಿಗಳೆಲ್ಲಿ ಅಂದರು. ಒಂದೇ ತತ್ತಿಯ ಚಿತ್ರಗಳನ್ನು ಮುಂದಿಟ್ಟು, ಇದು ಈಗ ನಮ್ಮ ಪಕ್ಕದ ಮನೆಯ ಹಿತ್ತಲಲ್ಲಿ ಕಾಳು ಹೆಕ್ಕುತ್ತಿದೆ ಅಂದೆ. ಬಹಳ ಹೊತ್ತು ತಿರುವಿ ಹಾಕಿದರು. ಬಾಟಲಿಯ ಅಂಕ ಕಡಿದರು, ಪಾಸು ಮಾಡಿದರು. 

ಹುಮನಾಬಾದಿನಲ್ಲಿ ಕನ್ನಡಿ ತಿರುಗಿ ಕೊಡುವಾಗ, ಚಾವಿಯಿಲ್ಲದ ಗಡಿಯಾರ ನೋಡಿದೆ ಅಂತಲೂ ಹೇಳಿದೆ. ರಿಪೇರಿಯವರು ಎರಡೂ ಕೈಯಿಂದ ಕನ್ನಡಿ ಇಸಿದುಕೊಂಡರು.

ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಮರಿ ಒಣಗಿ ಕಣ್ಣು ತೆರೆದ ಮೇಲೆ, ಗೋಡೆಯ ಮೇಲಿಂದ ದಾಟಿಸಿ ಬರುತ್ತೇನೆ ಕೊಡು ಅಂದೆ. ಆಯಿ ಕೊಡಲಿಲ್ಲ. ಎಡ ಅಂಗೈಯ ಮೇಲೆ ಮರಿ, ಮರಿಯ ಮೇಲೆ ಮುಚ್ಚಿದ ಬಲಗೈ, ಹಾಗೇ ಎದ್ದು ಪಡಸಾಲೆ ದಾಟಿ ಬೀದಿಗೆ ಇಳಿದಳು. ಓಣಿಯ ಜನ ಕಟ್ಟೆಯ ಮೇಲಿಂದ ನೋಡುತ್ತಿದ್ದರು. ಆಯಿ ನೆಲ ನೋಡಲಿಲ್ಲ. ಎರಡು ವರ್ಷದಿಂದ ಮುಚ್ಚಿದ್ದ ಬೀದಿಬಾಗಿಲ ಮುಂದೆ ನಿಂತು, ಬಡಿಯಲು ಕೈಯಿಲ್ಲದೆ, ಕಾಲಿನಿಂದ ಮೆಲ್ಲಗೆ ತಟ್ಟಿದಳು.

“ಬಾಗಲಾ ತಗೀ ತಂಗೀ,” ಅಂದಳು. “ನನ್ನ ಕೈ ಖಾಲಿ ಇಲ್ಲ.”

ಒಳಗೆ ಚಿಲಕ ಸರಿದ ಸಪ್ಪಳ ಕೇಳಿಸಿತು.